ಕರೆಂಟ್ ಹೋಗಿ ಬಂದಾಗ ಕಣದ ಕ್ಯಾಮೆರಾ ಕಪ್ಪಾಗೋದು ಯಾಕೆ?

ಕೊನೆಕೊಯ್ಲು ಹತ್ರ ಬಂತು. ನಮ್ಮ ಕಡೆ ಅಡಿಕೆ ಕಣಕ್ಕೆ ಕ್ಯಾಮೆರಾ, ಬೋರ್ ಮೋಟಾರಿಗೆ ವೈಫೈ ಸ್ವಿಚ್ಚು ಹಾಕಿಸಿದ ಮನೆಗಳು ಈಗ ಬೇಕಾದಷ್ಟಿವೆ. ಅದಕ್ಕೇ ಈ ಸಲ ಗೊಬ್ಬರ, ಔಷಧಿ ವಿಷಯ ಬಿಟ್ಟು ರೂಟರಿನ ವಿಷಯ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಪುರುಸೊತ್ತಲ್ಲಿ ಓದಿ.

ಹೋದ ವರ್ಷ ಕರೆಂಟ್ ಹೋಗಿ ಬಂದಾಗೆಲ್ಲ ನಮ್ಮ ಕಣದ ಕ್ಯಾಮೆರಾ ಕಪ್ಪಾಗ್ತಿತ್ತು. ಒಂದಿನ ಬರೋದು, ಎರಡು ದಿನ ಬರದೇ ಇರೋದು. ಹಾಕಿಕೊಟ್ಟವರನ್ನ ಕೇಳಿದ್ರೆ "ಆಫ್ ಮಾಡಿ ಆನ್ ಮಾಡಿ" ಅಂದ್ರು, ಅಷ್ಟೇ. ಅದೇ ವಾರ ಪಕ್ಕದ ಮನೆಯವರ ಒಣ ಅಡಿಕೆ ಎರಡು ಚೀಲ ಕಳುವಾಯ್ತು. ಮಗಳ ಕಾಲೇಜು ಫೀಸಿಗೆ ಅಂತ ಇಟ್ಟಿದ್ದ ಮಾಲು. ಹೊತ್ತುಕೊಂಡು ಹೋಗಲು ಇರೋ ದಾರಿ ನಮ್ಮ ಕಣದ ಮುಂದೇ. ಪೊಲೀಸಿನವರು ರೆಕಾರ್ಡಿಂಗ್ ಕೇಳಿದ್ರೆ, ಆ ರಾತ್ರಿಯದ್ದು ಬರೀ ಕಪ್ಪು.

ಆಮೇಲೆ ರಜಕ್ಕೆ ಬಂದಿದ್ದ ಅಕ್ಕನ ಮಗ ಕೂತು ನೋಡಿದ. ಕ್ಯಾಮೆರಾ ಕೆಟ್ಟಿರಲಿಲ್ಲ. ತೊಂದರೆ ಇದ್ದದ್ದು ಅದರ ವಿಳಾಸದಲ್ಲಿ.

ರೂಟರಿಗೆ ಸೇರೋ ಫೋನು, ಟಿವಿ, ಕ್ಯಾಮೆರಾ, ಸ್ವಿಚ್ಚು ಎಲ್ಲಕ್ಕೂ ಒಂದೊಂದು ನಂಬರ್ ಬೇಕು. 192.168.1.5 ಈ ಥರ ಇರುತ್ತೆ. ಇದೇ ಐಪಿ ವಿಳಾಸ. ಇದನ್ನ ರೂಟರೇ ತಾನಾಗಿ ಹಂಚೋ ಪದ್ಧತಿಗೆ ಡಿಎಚ್‌ಸಿಪಿ ಅಂತಾರೆ. 1993ರಿಂದ ಇರೋ ಪದ್ಧತಿ. ನಮ್ಮ ವಾರದ ಸಂತೆ ಇದ್ದ ಹಾಗೆ ಅಂದ್ಕೊಳ್ಳಿ. ಬಂದವರು ಜಾಗ ಕೇಳ್ತಾರೆ, ಸುಂಕದವನು ಖಾಲಿ ಇರೋದನ್ನ ತೋರಿಸ್ತಾನೆ. ಕೊಟ್ಟ ಜಾಗ ಕಾಯಂ ಅಲ್ಲ, ಅದಕ್ಕೆ ಅವಧಿ ಇದೆ. ಬಹಳ ರೂಟರಲ್ಲಿ 24 ಗಂಟೆ ಇರುತ್ತೆ. ಅರ್ಧ ಅವಧಿ ಕಳೆದಾಗ ಫೋನೇ ಕೇಳಿ ಮುಂದುವರಿಸಿಕೊಳ್ಳುತ್ತೆ.

ನಮ್ಮ ಕ್ಯಾಮೆರಾಕ್ಕೆ ಹಾಕಿಕೊಟ್ಟವರು 5ನೇ ನಂಬರನ್ನ ಕ್ಯಾಮೆರಾ ಒಳಗೇ ಕೈಯಲ್ಲಿ ಬರೆದಿಟ್ಟಿದ್ರು. ರೂಟರಿಗೆ ಅದು ಗೊತ್ತಿಲ್ಲ. ಅದು 2ರಿಂದ 254ರವರೆಗೆ ಎಲ್ಲವನ್ನೂ ಹಂಚ್ತಿತ್ತು. ಕರೆಂಟ್ ಬಂದಾಗ ಮನೆ ಫೋನು ಮೊದಲು ಕೇಳಿದ್ರೆ 5 ಅದಕ್ಕೆ ಹೋಗೋದು. ಒಂದೇ ಜಾಗಕ್ಕೆ ಇಬ್ಬರು ಅಂಗಡಿ ಹಾಕಿದ ಹಾಗಾಯ್ತು. ರೆಕಾರ್ಡರ್ 5ರಲ್ಲಿ ಕ್ಯಾಮೆರಾ ಹುಡುಕಿದ್ರೆ ಅಲ್ಲಿ ಫೋನ್ ಕೂತಿರೋದು.

ಸರಿ ಮಾಡಿದ್ದು ಹೀಗೆ. ಫೋನಿನ ಬ್ರೌಸರಲ್ಲಿ 192.168.1.1 ಹೊಡೆದು ರೂಟರ್ ಒಳಗೆ ಹೋದ್ವಿ (ಕೆಲವು ರೂಟರಿಗೆ 192.168.0.1, ಅಡಿಯಲ್ಲಿ ಚೀಟಿ ಅಂಟಿಸಿರುತ್ತಾರೆ). ಡಿಎಚ್‌ಸಿಪಿ ಪುಟದಲ್ಲಿ ಹಂಚೋ ನಂಬರನ್ನ 100ರಿಂದ 200ಕ್ಕೆ ಇಳಿಸಿದ್ವಿ. ಕ್ಯಾಮೆರಾದಲ್ಲಿ ಕೈಯಲ್ಲಿ ಬರೆದಿದ್ದನ್ನ ತೆಗೆದು ಡಿಎಚ್‌ಸಿಪಿಗೆ ಹಾಕಿದ್ವಿ. ಆಮೇಲೆ ರೂಟರಿನ 'ಅಡ್ರೆಸ್ ರಿಸರ್ವೇಶನ್' ಅನ್ನೋ ಕಡೆ ಕ್ಯಾಮೆರಾದ ಮ್ಯಾಕ್ ನಂಬರ್ ಬರೆದು, ಅದರೆದುರು 110 ಅಂತ ಕಾಯಂ ಮಾಡಿದ್ವಿ. ಮ್ಯಾಕ್ ಅಂದ್ರೆ ಯಂತ್ರದ ಚಾಸಿ ನಂಬರ್ ಇದ್ದ ಹಾಗೆ, 12 ಅಕ್ಷರದ್ದು, ಕ್ಯಾಮೆರಾ ಮೇಲೇ ಇರುತ್ತೆ. ರೆಕಾರ್ಡರಲ್ಲೂ 5 ಅಳಿಸಿ 110 ಬರೆದ್ವಿ. ರೆಕಾರ್ಡರಿಗೂ ಹಾಗೇ ಒಂದು ನಂಬರ್ ಕಾಯಂ ಮಾಡಿದ್ವಿ. ಖರ್ಚು ಒಂದು ರೂಪಾಯಿ ಇಲ್ಲ.

ಇನ್ನೊಂದು ಮಾತು. ಪಂಪ್‌ಹೌಸಿಗೆ ಸಿಗ್ನಲ್ ಬರಲಿ ಅಂತ ಹಳೇ ರೂಟರನ್ನ ತಂತಿ ಎಳೆದು ಕೂರಿಸೋರು ಇದೀರಿ. ಅದರಲ್ಲಿ ಡಿಎಚ್‌ಸಿಪಿ ಆಫ್ ಮಾಡಿ, ಅದರ ಸ್ವಂತ ನಂಬರನ್ನ 192.168.1.2 ಮಾಡಿ, ತಂತಿಯನ್ನ ಲ್ಯಾನ್ ತೂತಿಗೆ ಚುಚ್ಚಿ. ಒಂದು ಸಂತೆಗೆ ಇಬ್ಬರು ಸುಂಕದವರು ಇದ್ರೆ ಜಗಳ ತಪ್ಪಲ್ಲ. ಹಾಗೇ ರೂಟರಿನ ಪಾಸ್‌ವರ್ಡ್ ಹಾಕಿಕೊಟ್ಟವರ ಹತ್ರ ಮಾತ್ರ ಇದ್ರೆ ಇಸ್ಕೊಂಡು ಬರೆದಿಟ್ಕೊಳ್ಳಿ, ಯಂತ್ರ ನಿಮ್ಮದು.

ಪಕ್ಕದ ಮನೆಯವರ ಅಡಿಕೆ ಇನ್ನೂ ಸಿಕ್ಕಿಲ್ಲ. ಈ ವರ್ಷ ಅವರ ಕಣಕ್ಕೂ ಕ್ಯಾಮೆರಾ ಬಂದಿದೆ, ಇದೇ ರೀತಿ ಮಾಡಿಕೊಟ್ಟಿದೀವಿ. ನೀವೂ ಅಡಿಕೆ ಕಣಕ್ಕೆ ಬೀಳೋ ಮುಂಚೆ ಒಂದು ಪರೀಕ್ಷೆ ಮಾಡಿ. ಸಂಜೆ ಮೇನ್ ಸ್ವಿಚ್ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಎಲ್ಲಾ ಕ್ಯಾಮೆರಾ ತಾನಾಗೇ ವಾಪಸ್ ಬರಬೇಕು. ಬರದಿದ್ರೆ ಫೋನ್ ಮಾಡಿ, ಬಂದು ನೋಡ್ತೀನಿ.