ಇದ್ದತ್‌ನ ಮನೆಗೆ ಬಂದ ಕಾಗದ



ನನ್ನ ಅಕ್ಷರ ದುಂಡಗಿದೆ ಎಂದು ಮೊಹಲ್ಲಾದಲ್ಲಿ ಎಲ್ಲರೂ ಹೇಳುತ್ತಾರೆ. ಮದ್ರಸದಲ್ಲಿ ಓದಿ, ಮದುವೆಯಾದ ಮೇಲೆ ಮನೆಯಲ್ಲೇ ಕುಳಿತು ಬಿ.ಎ. ಮುಗಿಸಿದವಳು ನಾನು. ಹಾಗಾಗಿ ಕಡೂರಿನ ನಮ್ಮ ಬೀದಿಯಲ್ಲಿ ರೇಷನ್ ಕಾರ್ಡಿನ ಅರ್ಜಿಯಿಂದ ಹಿಡಿದು ಮಕ್ಕಳ ಟಿ.ಸಿ.ಗೆ ಬರೆಯುವ ಪತ್ರದವರೆಗೆ ಎಲ್ಲವೂ ನನ್ನ ಬಳಿಗೇ ಬರುತ್ತವೆ. 2017ರಲ್ಲಿ ಹಾಗೆ ಬರೆದುಕೊಟ್ಟ ಒಂದು ಕಾಗದದ ವಿಷಯ ನಿಮಗೆ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ಲಾರಿಯಲ್ಲಿ ಕ್ಲೀನರ್ ಆಗಿದ್ದರು. ಅಜ್ಜಂಪುರದ ಕಡೆ ಈರುಳ್ಳಿ ಲೋಡ್ ಆದ ಮೇಲೆ ಮೂಟೆಗಳ ಮೇಲೆ ನಿಂತು ಹಗ್ಗ ಬಿಗಿಯುತ್ತಿದ್ದಾಗ ಹಗ್ಗ ತುಂಡಾಗಿ ಕೆಳಗೆ ಬಿದ್ದರು. ತಲೆಗೆ ಪೆಟ್ಟಾಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ನಾಲ್ಕನೆಯ ದಿನ ತೀರಿಕೊಂಡರು. ವಯಸ್ಸು 35. ಹಿಂದೆ ಉಳಿದವರು ಪತ್ನಿ, ವಿಧವೆ ತಾಯಿ, ಒಂಬತ್ತು ವರ್ಷದ ಮಗಳು.

ಪತ್ನಿ ಇದ್ದತ್‌ನಲ್ಲಿದ್ದರು. ಇಪ್ಪತ್ತು ದಿನ ಕಳೆದಿರಬೇಕು, ಲಾರಿ ಮಾಲೀಕರ ಕಡೆಯವರು ಬಂದರು. ಆಸ್ಪತ್ರೆ ಬಿಲ್ಲು ನಾವೇ ಕಟ್ಟಿದ್ದೇವೆ, ಈಗ 60 ಸಾವಿರ ಕೊಡುತ್ತೇವೆ, ಒಂದು ಕಾಗದ ಮಾಡಿಕೊಡಿ ಎಂದರು. ಹೊರಗೆ ಜಗಲಿಯಲ್ಲಿ ಹಿರಿಯರು, ಪರದೆಯ ಒಳಗೆ ನಾನು. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ‘ನಮ್ಮ ಲಾರಿಯಲ್ಲಿ ಕ್ಲೀನರ್ ಆಗಿ ಕೆಲಸ ಮಾಡುತ್ತಿದ್ದ ಇಂಥವರು ಆಕಸ್ಮಿಕವಾಗಿ ಬಿದ್ದು ಮರಣ ಹೊಂದಿದ್ದು, ಪೂರ್ತಿ ಪರಿಹಾರ ತಲುಪಿದೆ, ಮುಂದೆ ಯಾವ ತಕರಾರೂ ಇಲ್ಲ’ ಎಂದು. ಓದಿ ಹೇಳಿದೆ. “ಆಪಾ, ಹೆಬ್ಬೆಟ್ಟು ಹಾಕಲಾ?” ಎಂದು ಆಕೆ ಕೇಳಿದರು. “ಹಾಕಮ್ಮಾ, ಸಬರ್ ಮಾಡು, ತಕ್ದೀರ್‌ನಲ್ಲಿ ಇದ್ದದ್ದು ಆಯಿತು” ಎಂದೆ ನಾನು.

ಮಾಲೀಕರು ಕೆಟ್ಟವರೆಂದು ಹೇಳಲಾರೆ. ಅವರಿಗೂ ಕಾನೂನು ಗೊತ್ತಿರಲಿಲ್ಲವೋ ಏನೋ. ಆದರೆ ಕೂಲಿಯಾಳಿನ ಬೆವರು ಆರುವ ಮುನ್ನ ಅವನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಬೋಧನೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಾನು, ಹಕ್ಕನ್ನು ಸದಕಾ ಎಂದು ತಿಳಿದು ಶುಕ್ರಿಯಾ ಹೇಳಿ ಕಳಿಸಿದ್ದೆ. ಮರಣ ತಕ್ದೀರ್ ಇರಬಹುದು, 60 ಸಾವಿರ ತಕ್ದೀರ್ ಅಲ್ಲ.

ಇದು ನನಗೆ ತಿಳಿದದ್ದು ಸುಮಾರು ಎರಡು ವರ್ಷದ ಮೇಲೆ, 2019ರ ಬೇಸಿಗೆಯಲ್ಲಿ. ತರೀಕೆರೆಯಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ಅವಳ ಪಕ್ಕದ ಮನೆಯವರು ಲಾರಿ ಓಡಿಸುತ್ತಿದ್ದವರು, ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡಿದ್ದರು. ಪರಿಹಾರದ ಹಣದಲ್ಲಿ ಮನೆ ಮುಂದೆಯೇ ಅಂಗಡಿ ಇಟ್ಟಿದ್ದರು. ಅವರ ಪತ್ನಿ ನನಗೆ ಪಾಠ ಹೇಳಿದರು ಎಂದರೆ ತಪ್ಪಲ್ಲ. ನಮ್ಮ ಕರ್ನಾಟಕದ್ದೇ ಒಬ್ಬ ಟ್ಯಾಂಕರ್ ಚಾಲಕನ ಕಾಲು ಮೊಣಕಾಲಿನವರೆಗೆ ಹೋದಾಗ ಹೈಕೋರ್ಟ್ 65 ಶೇಕಡಾ ನಷ್ಟ ಎಂದಿತ್ತಂತೆ. 2008ರಲ್ಲಿ ಸುಪ್ರೀಂ ಕೋರ್ಟ್, ಕಾಲಿಲ್ಲದವನು ಟ್ಯಾಂಕರ್ ಓಡಿಸುವುದು ಹೇಗೆ, ಇದು ನೂರಕ್ಕೆ ನೂರು ನಷ್ಟ ಎಂದಿತು. ವಕೀಲರು ಹೇಳಿದ್ದನ್ನು ಆಕೆ ನೆನಪಿಟ್ಟುಕೊಂಡಿದ್ದರು.

ನಾನು ಕಡೂರಿಗೆ ಬಂದವಳೇ ನ್ಯಾಯಾಲಯದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಗೆ ಹೋದೆ. ಹೆಣ್ಣುಮಕ್ಕಳಿಗೆ ವರಮಾನ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಇದನ್ನು ದಯವಿಟ್ಟು ಗುರುತು ಹಾಕಿಟ್ಟುಕೊಳ್ಳಿ. ಅಲ್ಲಿನ ವಕೀಲರು ಮೊದಲು ಕೇಳಿದ್ದು ಅಪಘಾತದ ತಾರೀಖು. ಎರಡು ವರ್ಷದ ಒಳಗೆ ಅರ್ಜಿ ಹಾಕಬೇಕು. ನಮಗೆ ಎರಡು ತಿಂಗಳು ಉಳಿದಿತ್ತು.

1923ರಲ್ಲಿ ಬ್ರಿಟಿಷರ ಕಾಲದಲ್ಲೇ ಬಂದ ಕಾನೂನು ಅದು. ಲಾರಿಗೆ ಲೋಡ್ ಮಾಡುವ, ಇಳಿಸುವ ಕೆಲಸವೂ ಅದರಲ್ಲಿ ಸೇರಿತ್ತು. ತಪ್ಪು ಮಾಲೀಕನದು ಎಂದು ಸಾಬೀತು ಮಾಡಬೇಕಾಗಿಲ್ಲ, ಕೆಲಸ ಮಾಡುವಾಗ ಆದದ್ದು ಎಂದರೆ ಸಾಕು. ಮರಣವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುತ್ತಾರೆ. 35 ವರ್ಷಕ್ಕೆ ಆ ಅಂಕಿ 197.06. ಆಗ ಕೂಲಿ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು 8 ಸಾವಿರದವರೆಗೆ. (2020ರ ಜನವರಿಯಲ್ಲಿ ಅದು 15 ಸಾವಿರಕ್ಕೆ ಏರಿತು.) ಅಂದರೆ 4 ಸಾವಿರ ಗುಣಿಸು 197.06. ವಕೀಲರು ಕ್ಯಾಲ್ಕುಲೇಟರ್ ತಿರುಗಿಸಿ ನನಗೆ ತೋರಿಸಿದರು. 7,88,240 ರೂಪಾಯಿ. ತಿಂಗಳೊಳಗೆ ಕಟ್ಟದಿದ್ದರೆ ಅದರ ಮೇಲೆ ಶೇಕಡಾ 12 ಬಡ್ಡಿ. ನನ್ನ ಕೈ ತಣ್ಣಗಾಯಿತು.

“ಆದರೆ ನಾನೇ ಕಾಗದ ಬರೆದುಕೊಟ್ಟಿದ್ದೇನಲ್ಲ ಸಾರ್” ಎಂದೆ. ಅವರು ನಕ್ಕರು. ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಕಾಗದಕ್ಕೆ ಈ ಕಾನೂನಿನಲ್ಲಿ ಬೆಲೆಯಿಲ್ಲ. ಮರಣದ ಪರಿಹಾರವನ್ನು ಮನೆಯವರ ಕೈಗೆ ಕೊಟ್ಟು ಮುಗಿಸುವಂತಿಲ್ಲ, ಅಧಿಕಾರಿಯ ಬಳಿ ಠೇವಣಿ ಇಡಬೇಕು. ಅಪಘಾತ ಅಜ್ಜಂಪುರದಲ್ಲಾದರೂ ಹೆಂಡತಿ ಮಕ್ಕಳು ವಾಸವಿರುವ ಊರಿನಲ್ಲೇ ಕೇಳಬಹುದು.

ವಿಚಾರಣೆಯಲ್ಲಿ ಎದುರು ಪಕ್ಷದವರು, ಆತ ನಮ್ಮ ಕ್ಲೀನರೇ ಅಲ್ಲ, ಅಂದು ದಾರಿಯಲ್ಲಿ ಹತ್ತಿದವನು ಎಂದರು. ನೇಮಕದ ಚೀಟಿ ಎಲ್ಲಿಂದ ತರುವುದು? ಲಾರಿ ಕ್ಲೀನರಿಗೆ ಯಾರು ಚೀಟಿ ಕೊಡುತ್ತಾರೆ? ಆಗ ವಕೀಲರು ಆ ಕಾಗದದ ಜೆರಾಕ್ಸ್ ಇಟ್ಟರು. ‘ನಮ್ಮ ಲಾರಿಯಲ್ಲಿ ಕ್ಲೀನರ್ ಆಗಿ’ ಎಂದು ನನ್ನ ದುಂಡು ಅಕ್ಷರದಲ್ಲಿತ್ತು, ಕೆಳಗೆ ಮಾಲೀಕರ ಸಹಿ. ನಡುವೆ ಕೊರೋನಾ ಬಂದು ತಡವಾಯಿತು. 2022ರಲ್ಲಿ ಆದೇಶವಾಯಿತು. ಪತ್ನಿಗೆ, ತಾಯಿಗೆ ಪಾಲು ಹಂಚಿ, ಮಗಳ ಪಾಲನ್ನು ಅವಳಿಗೆ 18 ತುಂಬುವವರೆಗೆ ಬ್ಯಾಂಕಿನಲ್ಲಿಟ್ಟರು.

2025ರ ನವೆಂಬರ್ 21ರಿಂದ ಆ ಹಳೆಯ ಕಾನೂನಿನ ಬದಲು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಹೆಸರು ಬದಲಾಯಿತೆಂದು ಹೆದರಬೇಡಿ. ಮರಣಕ್ಕೆ ಕೂಲಿಯ ಅರ್ಧ, ಪೂರ್ತಿ ಅಂಗವೈಕಲ್ಯಕ್ಕೆ ಶೇಕಡಾ 60, ಎರಡು ವರ್ಷದ ಗಡುವು, ಇವು ಹಾಗೆಯೇ ಇವೆ. ಕೆಲಸಕ್ಕೆ ಹೋಗುವಾಗ, ಕೆಲಸ ಮುಗಿಸಿ ಮನೆಗೆ ಬರುವಾಗ ಆಗುವ ಅಪಘಾತವೂ ಕೆಲಸಕ್ಕೆ ಸಂಬಂಧಪಟ್ಟಿದ್ದರೆ ಈಗ ಇದರಲ್ಲಿ ಬರುತ್ತದೆ. ಇ.ಎಸ್.ಐ. ಕಾರ್ಡ್ ಇರುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ದಾರಿ ಮಾತ್ರ ಬೇರೆ, ಅವರು ಇ.ಎಸ್.ಐ.ಯಲ್ಲೇ ಕೇಳಬೇಕು. ಇದ್ದತ್‌ನಲ್ಲಿರುವ ಸಹೋದರಿ ಅವಸರದಲ್ಲಿ ಏನನ್ನೂ ಒತ್ತಬೇಕಾಗಿಲ್ಲ. ನಾಲ್ಕು ತಿಂಗಳು ಹತ್ತು ದಿನ ಮುಗಿದ ಮೇಲೂ ಒಂದೂವರೆ ವರ್ಷ ಇರುತ್ತದೆ. ಆದರೆ ಆಸ್ಪತ್ರೆಯ ಚೀಟಿ, ಪೊಲೀಸ್ ದೂರಿನ ಪ್ರತಿ, ಜೊತೆಯಲ್ಲಿದ್ದವರ ಫೋನ್ ನಂಬರ್, ಇವನ್ನು ಮೊದಲ ವಾರದಲ್ಲೇ ಟ್ರಂಕಿನಲ್ಲಿ ಹಾಕಿಡಿ.

ಕಳೆದ ತಿಂಗಳು ಬೀರೂರಿನಿಂದ ಒಬ್ಬ ತಾಯಿ ಬಂದಿದ್ದರು. ಮರದ ಮಿಲ್ಲಿನಲ್ಲಿ ಮಗನ ಎರಡು ಬೆರಳು ಹೋಗಿವೆ. ಮಿಲ್ಲಿನವರು ಹತ್ತು ಸಾವಿರ ಕೊಡುತ್ತಾರಂತೆ, ರಾಜಿ ಪತ್ರ ಬರೆದುಕೊಡಿ ಆಪಾ, ನಿಮ್ಮ ಅಕ್ಷರ ಚೆನ್ನಾಗಿದೆಯಂತೆ ಎಂದರು. ಚಹಾ ಕೊಟ್ಟು ಕೂರಿಸಿ ಅಪಘಾತವಾದ ದಿನ ಕೇಳಿದೆ. ಅವರು ತಂದ ಹಾಳೆಯ ಮೇಲೆ ಆ ತಾರೀಖು ಬರೆದೆ. ಅದರ ಕೆಳಗೆ ಎರಡು ವರ್ಷ ತುಂಬುವ ತಾರೀಖನ್ನು ದಪ್ಪಗೆ ಬರೆದು ಅವರ ಕೈಗೆ ಕೊಟ್ಟೆ.