‘ರೋಡ್’ ಎಂಬ ಬಾಲಂಗೋಚಿ

ರೈಲು ನಿಲ್ದಾಣದ ಹೆಸರಿನ ಕೊನೆಗೆ ‘ರೋಡ್’ ಎಂಬ ಮಾತು ಅಂಟಿಕೊಂಡಿದ್ದರೆ, ತಿಳಿದ ಪ್ರಯಾಣಿಕನು ಕೈಯ ಗಂಟನ್ನು ಇನ್ನೊಂದು ಕೈಗೆ ಬದಲಾಯಿಸಿ ದೀರ್ಘವಾಗಿ ಉಸಿರೆಳೆದುಕೊಳ್ಳುತ್ತಾನೆ. ಊರು ಇಲ್ಲಿಲ್ಲ, ಊರಿಗೆ ಹೋಗುವ ದಾರಿ ಮಾತ್ರ ಇಲ್ಲಿದೆ ಎಂಬುದು ಆ ಬಾಲಂಗೋಚಿಯ ಅರ್ಥ. ತಿಳಿಯದವನಾದರೋ, ಹಲಗೆಯ ಮೇಲೆ ‘ಗೋಕಾಕ’ ಎಂಬ ಮೂರಕ್ಷರ ಕಂಡ ಕೂಡಲೆ ಕರದಂಟಿನ ಅಂಗಡಿಯನ್ನು ನೆನೆದು ಇಳಿದೇ ಬಿಡುತ್ತಾನೆ. ಹಲಗೆಯ ಉಳಿದ ಭಾಗವನ್ನು ಓದುವುದು ಗಾಡಿ ಹೋದ ಮೇಲೆ.

ಬೆಳಗಾವಿಯಿಂದ ಮಿರಜಿನತ್ತ ಸಾಗುವ ಹಳಿಯ ಮೇಲೆ ಗೋಕಾಕ ರೋಡ್ ಇದೆ, ಚಿಕ್ಕೋಡಿ ರೋಡ್ ಇದೆ. ಎರಡೂ ಊರಿನ ಹೆಸರನ್ನು ಹೊತ್ತು ಊರಿನಿಂದ ದೂರ ನಿಂತಿವೆ. ಇದರಲ್ಲಿ ಯಾರ ತಪ್ಪೂ ಇಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯವರು ಈ ಸೀಮೆಯಲ್ಲಿ ಹಳಿ ಹಾಸಿದಾಗ, ಎಂಜಿನಿಗೆ ಬೇಕಾದದ್ದು ಸಮನಾದ ನೆಲ, ಹೆಚ್ಚು ಏರಿಳಿತವಿಲ್ಲದ ದಾರಿ, ಹೊಳೆ ದಾಟಲು ಅನುಕೂಲವಾದ ಜಾಗ. ಊರುಗಳಾದರೋ ಹುಟ್ಟಿದ್ದು ನೀರಿಗಾಗಿ, ಕೋಟೆಗಾಗಿ, ಸಂತೆಗಾಗಿ. ಎರಡರ ಜಾತಕವೂ ಕೂಡಿಬರಲಿಲ್ಲ. ಗೋಕಾಕವು ಗುಡ್ಡದ ಮಗ್ಗುಲಲ್ಲಿ, ಘಟಪ್ರಭೆಯ ದಂಡೆಯಲ್ಲಿ ತನ್ನ ಪಾಡಿಗೆ ಉಳಿಯಿತು. ಆದಿಲ್‌ಶಾಹಿ ಕಾಲದ ಗುಮ್ಮಟಗಳನ್ನು ತಲೆಯ ಮೇಲೆ ಹೊತ್ತ ಹುಕ್ಕೇರಿಗೂ ರೈಲು ಬರಲಿಲ್ಲ. ಆ ತಾಲೂಕಿನ ಪಾಲಿಗೆ ಬಂದದ್ದು ದೂರದ ಪಾಶ್ಚಾಪುರದ ನಿಲ್ದಾಣ. ಹಿಂದೆ ಗೋಕಾಕ ತಾಲೂಕಿಗೆ ಸೇರಿದ್ದು ಈಚೆಗೆ ತಾನೇ ತಾಲೂಕಾದ ಮೂಡಲಗಿಯಲ್ಲಿಯೂ ಹಳಿಯಿಲ್ಲ. ಈ ಮೂರು ಊರುಗಳವರಿಗೂ ಗಾಡಿ ಸಿಗಬೇಕಾದರೆ ಮೊದಲು ಬಸ್ಸು ಸಿಗಬೇಕು. ಆದ್ದರಿಂದ ಇಲ್ಲಿಯವರ ರೈಲು ಪ್ರಯಾಣ ಆರಂಭವಾಗುವುದು ನಿಲ್ದಾಣದ ಕಟ್ಟೆಯ ಮೇಲಲ್ಲ, ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ.

ಮೂಡಲಗಿ ತಾಲೂಕಿನ ಹಳ್ಳಿಯೊಂದರ ತಾಯಿಯನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಬಹುದು. ಮಗಳಿಗೆ ಬೆಂಗಳೂರಿನಲ್ಲಿ ಹೆರಿಗೆಯಾಗಿದೆ. ಬಾಣಂತನಕ್ಕೆಂದು ಹೊರಟ ಆಕೆಯ ಒಂದು ಕೈಯಲ್ಲಿ ಅಂಟಿನ ಉಂಡೆಯ ಡಬ್ಬಿ, ಇನ್ನೊಂದರಲ್ಲಿ ಕಟಕ ರೊಟ್ಟಿ, ಶೇಂಗಾದ ಹಿಂಡಿಗಳ ಚೀಲ, ಬಗಲಿನಲ್ಲಿ ಕೂಸಿನ ಕುಂಚಿಗೆಯ ಗಂಟು. ಬಸ್ಸಿಗೆ ಆಕೆ ಕಾಸು ಕೊಡಬೇಕಾಗಿಲ್ಲ. 2023ರ ಜೂನ್ 11ರಿಂದ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೇಟಿನ ಹಣವಿಲ್ಲ. ಆದರೆ ದಾರಿಯ ಕಷ್ಟಕ್ಕೆ ಯಾವ ಸರಕಾರವೂ ಪೂರ್ತಿ ವಿನಾಯಿತಿ ಕೊಡಲಾರದು. ಕ್ರಾಸಿನಲ್ಲಿ ಕಂಡಕ್ಟರನು ಸೀಟಿ ಊದುತ್ತಾನೆ.

“ಟೇಶನ್ನಿಗೆ ಹೋಗಾವ್ರು ಇಳೀರಿ! ಲಗೂನ ಇಳೀರಿ ಯವ್ವಾ!”

“ಟೇಶನ್ ಎಲ್ಲೈತಪಾ ತಮ್ಮಾ?”

“ಇಲ್ಲೇ ಐತ್ರೀ, ಹಿಂಗ ಹೊಂಟ್ರ ಸಿಗತೈತಿ.”

ಈ ‘ಇಲ್ಲೇ’ ಎಂಬ ಮಾತಿನಷ್ಟು ಹಿಗ್ಗುವ ಅಳತೆ ಬೇರೊಂದಿಲ್ಲ. ಬಸ್ಸಿನಲ್ಲಿ ಕುಳಿತವನಿಗೆ ಅದು ನಾಲ್ಕು ಹೆಜ್ಜೆ. ಇಳಿದವನಿಗೆ ಅರ್ಧ ಹರದಾರಿ. ಅಲ್ಲಿಂದ ತಾಯಿ ನಡೆಯುತ್ತಾಳೆ. ಬಿಸಿಲು ನೆತ್ತಿಯ ಮೇಲಿದೆ. ಕಬ್ಬು ಹೇರಿದ ಟ್ರಾಕ್ಟರುಗಳು ಮೈ ಸವರಿಕೊಂಡು ಹೋಗುತ್ತವೆ. ದೂರದಲ್ಲಿ ಗಾಡಿಯ ಕೂಗು ಕೇಳಿದಾಗ ಹೆಜ್ಜೆ ಓಟವಾಗುತ್ತದೆ. ಅದು ತನ್ನ ಗಾಡಿಯೋ ಎದುರಿನಿಂದ ಬರುವುದೋ ಎಂದು ನಿಂತು ಯೋಚಿಸಲು ವೇಳೆಯಿಲ್ಲ. ಈ ಗಾಡಿ ತಪ್ಪಿದರೆ ಒಂದು ರಾತ್ರಿ ತಪ್ಪಿತು. ಅತ್ತ ಬಾಣಂತಿಯು ಒಂದು ರಾತ್ರಿ ತಾಯಿಯಿಲ್ಲದೆ ಕಳೆಯಬೇಕು. ಆಕೆಯೊಬ್ಬಳ ಮಾತೇ ಅಲ್ಲ. ಘಟಪ್ರಭೆಯಲ್ಲಿ ಡಾ. ನಾ. ಸು. ಹರ್ಡೀಕರರ ಹೆಸರಿನೊಡನೆ ಬೆಸೆದುಕೊಂಡ ಆರೋಗ್ಯಧಾಮಕ್ಕೆ ರೋಗಿಗಳನ್ನು ಕರೆತರುವವರಿದ್ದಾರೆ. ಬೆಳಗಾವಿಯ ಕಾಲೇಜಿಗೆ ಹೋಗುವ ಹುಡುಗಿಯರಿದ್ದಾರೆ. ಸಂಜೆ ಕತ್ತಲಾದ ಮೇಲೆ ಇಳಿಯುವ ಅವರಿಗೆ ದೀಪವಿಲ್ಲದ ನೂರು ಗಜವು ಬಿಸಿಲಿನ ಒಂದು ಮೈಲಿಗಿಂತ ಉದ್ದ.

ಬಸ್ಸನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಹೀಗೆ ಸಣ್ಣದಾಗಿ ಕಂಡರೂ ಸಣ್ಣ ಪ್ರಶ್ನೆಯಲ್ಲ. ನಗರ ಯೋಜನೆಯ ಪಂಡಿತರು ಇದಕ್ಕೊಂದು ಲೆಕ್ಕವನ್ನಿಟ್ಟುಕೊಂಡಿದ್ದಾರೆ. ಮನುಷ್ಯನು ನಿಮಿಷಕ್ಕೆ ಸುಮಾರು 80 ಮೀಟರು ನಡೆಯುತ್ತಾನೆ. ಐದು ನಿಮಿಷಕ್ಕೆ 400 ಮೀಟರಾಯಿತು. ಜನ ಬೇಸರಿಸದೆ ನಡೆಯುವುದು ಅಷ್ಟೇ ದೂರ. ನಕ್ಷೆಯ ಮೇಲೆ ಕೈವಾರವನ್ನೂರಿ ಅಷ್ಟಗಲದ ವೃತ್ತವನ್ನು ಎಳೆದರೆ, ಒಳಗಿರುವವರೆಲ್ಲ ನಿಲ್ದಾಣಕ್ಕೆ ಹತ್ತಿರದವರು. ಲೆಕ್ಕವೇನೋ ಸರಿಯೆ. ಆದರೆ ಕೈವಾರಕ್ಕೆ ಗಟಾರ ಕಾಣುವುದಿಲ್ಲ, ಹಾಕಿದ ರೈಲು ಗೇಟು ಕಾಣುವುದಿಲ್ಲ, ಎರಡು ಕೈಯಲ್ಲಿಯೂ ಭಾರ ಹೊತ್ತ ತಾಯಿಯ ಮೊಣಕಾಲೂ ಕಾಣುವುದಿಲ್ಲ. ಪಂಡಿತನ ಐದು ನಿಮಿಷ ಆಕೆಗೆ ಹತ್ತು ನಿಮಿಷ. ಹಾಗೆಂದ ಮೇಲೆ ಬಸ್ಸು ರಸ್ತೆಯ ಯಾವ ಮಗ್ಗುಲಿಗೆ ನಿಲ್ಲುತ್ತದೆ, ಇಳಿದವರು ಲಾರಿಗಳ ನಡುವೆ ರಸ್ತೆ ದಾಟಬೇಕೆ, ಗೇಟಿನ ಈಚೆಗೋ ಆಚೆಗೋ, ಮರಳಿ ಬರುವಾಗ ಹತ್ತುವ ಜಾಗ ಇಳಿದ ಜಾಗದ ಎದುರಿನಲ್ಲಿಯೇ ಇದೆಯೆ, ನೆರಳಿದೆಯೆ, ದೀಪವಿದೆಯೆ ಎಂಬುದನ್ನೆಲ್ಲ ಕಾಲಿನಿಂದಲೇ ಅಳೆಯಬೇಕು.

ಸ್ಥಳ ಸರಿಯಾದರೆ ಸಾಲದು, ವೇಳೆಯೂ ಸರಿಯಾಗಬೇಕು. ಗಾಡಿ ಬಂದು ನಿಲ್ಲುವುದಕ್ಕೂ ಕೊನೆಯ ಬಸ್ಸು ಹೊರಡುವುದಕ್ಕೂ ಐದೇ ನಿಮಿಷದ ಅಂತರವಿದ್ದು, ಬಸ್ಸೇ ಮೊದಲು ಹೊರಟುಬಿಟ್ಟರೆ, ನಿಲ್ದಾಣದ ಬಾಗಿಲಲ್ಲಿಯೇ ಇರುವ ಬಸ್ ಸ್ಟ್ಯಾಂಡೂ ವ್ಯರ್ಥ. ಕಾಯುವ ಹತ್ತು ನಿಮಿಷ ಪ್ರಯಾಣದ ಅರ್ಧ ಗಂಟೆಗಿಂತ ದೀರ್ಘವೆಂಬುದನ್ನು ಯಾವ ಗಡಿಯಾರವೂ ತೋರಿಸುವುದಿಲ್ಲ, ಕಾದವರೆಲ್ಲರೂ ಬಲ್ಲರು.

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಪ್ರತಿ ಮನೆಯ ಬಾಗಿಲಿಗೂ ಬಸ್ಸು ನಿಂತರೆ ಅದು ಬಸ್ಸಾಗಿ ಉಳಿಯದು, ಹೂ ಮಾರುವವಳ ಬುಟ್ಟಿಯಾದೀತು. ಒಂದು ನಿಲುಗಡೆಗೆ ಅರ್ಧ ನಿಮಿಷವೆಂದರೂ 20 ನಿಲುಗಡೆಗೆ 10 ನಿಮಿಷ. ಅಷ್ಟರಲ್ಲಿ ಗಾಡಿ ಹೋಗಿಬಿಟ್ಟಿರುತ್ತದೆ. “ನಮ್ಮ ಓಣಿಗೂ ನಿಲ್ಲಸ್ರಿ” ಎನ್ನುವವನ ನ್ಯಾಯವೂ, “ಇನ್ನ ಎಷ್ಟ ಕಡೆ ನಿಲ್ಲಸ್ತೀರಿ?” ಎಂದು ಗೊಣಗುವವನ ನ್ಯಾಯವೂ ಎರಡೂ ನ್ಯಾಯವೆ. ಒಬ್ಬನೇ ಮನುಷ್ಯ ತನ್ನ ಓಣಿ ಬರುವವರೆಗೆ ಎರಡನೆಯ ಮಾತನ್ನೂ, ಬಂದ ಕೂಡಲೆ ಮೊದಲನೆಯ ಮಾತನ್ನೂ ಆಡುವುದುಂಟು.

ಆ ತಾಯಿಗೆ ಗಾಡಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸು ರಾತ್ರಿಯೆಲ್ಲ ಓಡಿ, 600 ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಮುಗಿಸಿ ಬೆಂಗಳೂರು ಸೇರುತ್ತದೆ. ಹತ್ತಿ ಬಂದದ್ದು ಚೆನ್ನಮ್ಮನ ಹೆಸರಿನ ಗಾಡಿ, ಇಳಿದದ್ದು ಸಂಗೊಳ್ಳಿ ರಾಯಣ್ಣನ ಹೆಸರಿನ ನಿಲ್ದಾಣ. ತನ್ನ ಸೀಮೆಯವರೇ ಕೈಹಿಡಿದು ಕರೆತಂದಂತಾಯಿತು. ಮಗ್ಗುಲಲ್ಲಿಯೇ ಮೆಟ್ರೋ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಗೂ ಮಹಾತ್ಮಾ ಗಾಂಧಿ ರಸ್ತೆಗೂ ನಡುವೆ ಮೊದಲು ಓಡಿದ ಅದು, 2016ರಲ್ಲಿ ನೆಲದೊಳಗೂ ಇಳಿಯಿತು. ಈಗ ನಗರದ ಹಲವು ಮೂಲೆಗಳನ್ನು ಮುಟ್ಟುತ್ತದೆ. ಸಾವಿರಾರು ಕೋಟಿ ರೂಪಾಯಿ ಸುರಿದು, ಬಂಡೆಯನ್ನು ಕೊರೆದು ಮಾಡಿದ ಆ ಸುರಂಗದಲ್ಲಿ ತಾಯಿ ತಣ್ಣಗೆ ಕುಳಿತು ಸಾಗುತ್ತಾಳೆ. ಮೆಟ್ಟಿಲೇರಿ ಹೊರಗೆ ಬಂದರೆ ಮತ್ತೆ ಅದೇ ಪ್ರಶ್ನೆ: ಮಗಳ ಮನೆಯ ಕಡೆಗೆ ಹೋಗುವ ಬಸ್ಸು ಎಲ್ಲಿ ನಿಲ್ಲುತ್ತದೆ? ಯಾರನ್ನು ಕೇಳಿದರೂ ಉತ್ತರ ಒಂದೇ, ಭಾಷೆಯ ಧಾಟಿ ಮಾತ್ರ ಬೇರೆ: “ಇಲ್ಲೇ ಅಮ್ಮಾ, ಸ್ವಲ್ಪ ಮುಂದೆ.”

ರಾಜಧಾನಿಯ ಮೆಟ್ರೋಗೂ ಕಣ್ಣಿಗೆ ಕಾಣದ ‘ರೋಡ್’ ಎಂಬ ಬಾಲಂಗೋಚಿಯೊಂದಿದೆ ಎಂದಾಯಿತು. ಅದನ್ನು ಕತ್ತರಿಸುವುದಕ್ಕೆಂದೇ ನಗರ ಸಾರಿಗೆಯವರು ಮೆಟ್ರೋ ನಿಲ್ದಾಣಗಳಿಂದ ಬಡಾವಣೆಗಳಿಗೆ ಫೀಡರ್ ಬಸ್ಸುಗಳನ್ನು ಓಡಿಸುತ್ತಾರೆ. 2021ರಲ್ಲಿ ಮೆಟ್ರೋ ಕೆಂಗೇರಿಗೆ ಹೋದಾಗ ಅಲ್ಲಿಯ ಒಂದು ನಿಲ್ದಾಣಕ್ಕೆ ‘ಕೆಂಗೇರಿ ಬಸ್ ಟರ್ಮಿನಲ್’ ಎಂದೇ ಹೆಸರಾಯಿತು. ಒಂದು ಹೆಸರು ದೂರವನ್ನು ಒಪ್ಪಿಕೊಳ್ಳುತ್ತದೆ. ಇನ್ನೊಂದು ನೆರೆತನವನ್ನು ಸಾರುತ್ತದೆ. ಲಂಡನ್ ನಗರದಲ್ಲಿ 1933ರಷ್ಟು ಹಿಂದೆಯೇ ಚಾರ್ಲ್ಸ್ ಹೋಲ್ಡನ್ ಎಂಬ ಶಿಲ್ಪಿಯು ಸೌತ್‌ಗೇಟಿನ ಭೂಗರ್ಭ ರೈಲು ನಿಲ್ದಾಣವನ್ನು ದುಂಡಗೆ ಕಟ್ಟಿ, ಬಸ್ಸುಗಳು ಅದರ ಬಳಿಗೇ ಬಂದು ನಿಲ್ಲುವಂತೆ ಮಾಡಿದನು. ರೈಲನ್ನು ಕಟ್ಟುವಾಗಲೇ ಬಸ್ಸನ್ನು ನೆನೆದರೆ ಆಮೇಲೆ ಪರದಾಡಬೇಕಾಗಿಲ್ಲ ಎಂಬುದು ಅಲ್ಲಿಯ ಪಾಠ.

ಗೋಕಾಕ ರೋಡನ್ನು ಎತ್ತಿ ಗೋಕಾಕದಲ್ಲಿರಿಸಲು ಸಾಧ್ಯವಿಲ್ಲ. ಹಳಿ ಹಾಸಿದವರು ಎಂದೋ ಹೋದರು, ಹಳಿ ಉಳಿದಿದೆ. ಆದರೆ ಬಸ್ಸಿನ ನಿಲುಗಡೆ ಕಬ್ಬಿಣದ ಹಳಿಯಲ್ಲ; ಒಂದು ಕಂಬ, ನಾಲ್ಕು ತಗಡು, ಒಂದು ಕಟ್ಟೆ. ತಪ್ಪಿದ ಕಡೆಯಿಂದ ತಕ್ಕ ಕಡೆಗೆ ಸರಿಸುವುದಕ್ಕೆ ಕೋಟಿಗಳು ಬೇಡ, ಕೇಳುವ ಕಿವಿ ಬೇಕು. ಹುಕ್ಕೇರಿಯವರು 1969ರಲ್ಲಿ ಸಹಕಾರ ಸಂಘವನ್ನು ಕಟ್ಟಿ ತಮ್ಮ ಹಳ್ಳಿಗಳಿಗೆ ವಿದ್ಯುತ್ತನ್ನು ಹಂಚುವ ಹೊಣೆಯನ್ನೇ ಹೊತ್ತುಕೊಂಡವರು. ಮನೆಮನೆಗೆ ದೀಪ ಮುಟ್ಟಿಸಿದ ಸೀಮೆಯ ಜನಕ್ಕೆ ಬಸ್ಸು ಎಲ್ಲಿ ನಿಂತರೆ ಗಾಡಿ ಸಿಗುತ್ತದೆಂದು ಹೇಳಲು ಬಾರದೆ? ಬಾಣಂತನಕ್ಕೆ ಹೊರಟ ತಾಯಿಯನ್ನೂ ಕಾಲೇಜಿನ ಹುಡುಗಿಯನ್ನೂ ಎದುರಿಗೆ ಕೂರಿಸಿಕೊಂಡು ಕೇಳಿದ ಮೇಲೆ ಕೈವಾರವನ್ನು ಕೈಗೆತ್ತಿಕೊಂಡರೆ ವೃತ್ತವು ಸರಿಯಾದ ಜಾಗದಲ್ಲಿ ಬಿದ್ದೀತು.

ತಾಯಿ ಮಗಳ ಮನೆ ಸೇರಿದ್ದಾಳೆ. ಮೊಮ್ಮಗು ತೊಡೆಯ ಮೇಲಿದೆ. ಅಳಿಯನು ಪ್ರಯಾಣ ಸುಖವಾಯಿತೆ ಎಂದು ವಿಚಾರಿಸುತ್ತಾನೆ. ರಾತ್ರಿಯೆಲ್ಲ ಓಡಿದ ಗಾಡಿ, ನೆಲದಡಿಯ ಸುರಂಗ ಯಾವುದೂ ಆಕೆಯ ಬಾಯಲ್ಲಿ ಬರುವುದಿಲ್ಲ.

“ಎಲ್ಲಾ ಛಲೋ ಇತ್ರೀ,” ಎನ್ನುತ್ತಾಳೆ ಪಾದವನ್ನು ಒತ್ತಿಕೊಳ್ಳುತ್ತ, “ಆದ್ರ ಆ ಎರಡು ‘ಇಲ್ಲೇ’ ಅದಾವಲ್ಲ, ಅವು ಭಾಳ ದೂರ ಆದೂ ನೋಡ್ರಿ.”