ಕಡೆಯ ಪುಟಗಳಿಲ್ಲದ ಕಾದಂಬರಿ

ಬಾಡಿಗೆ ಲೈಬ್ರರಿಯ ಪತ್ತೇದಾರಿ ಕಾದಂಬರಿಗೆ ಎರಡು ಗಂಡಾಂತರ. ಯಾರೋ ಪುಣ್ಯಾತ್ಮರು ಮೊದಲ ಪುಟದಲ್ಲೇ ಪೆನ್ಸಿಲಿನಿಂದ ‘ಕೊಲೆಗಾರ ಡಾಕ್ಟ್ರು’ ಎಂದು ಗೀಚಿರುತ್ತಾರೆ. ಇಲ್ಲವೇ ಕಡೆಯ ಪುಟಗಳು ಹಾರಿಹೋಗಿರುತ್ತವೆ. ಮೊದಲನೆಯದನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಎರಡನೆಯದು ಮಾತ್ರ ಜೀವಮಾನಕ್ಕಾಗುವಷ್ಟು ಕೆಲಸ ಕೊಟ್ಟಿತು.

ಮಂಗಳೂರಿನಲ್ಲಿ ಒಂಬತ್ತನೇ ಕ್ಲಾಸು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಗಣಿತದ ಪುಸ್ತಕದೊಳಗೆ ಅಡಗಿಸಿ ಓದುತ್ತಿದ್ದ ದಿನಗಳು. ಒಂದು ಮಳೆಗಾಲ ರಟ್ಟು ಕಳಚಿದ ಕಾದಂಬರಿಯೊಂದು ಕೈಗೆ ಬಂತು. ಹೆಸರಿಲ್ಲ, ಬರೆದವರಾರೆಂದಿಲ್ಲ. ಕಡಲ ದಂಡೆಯ ಕಾನ್ವೆಂಟು, ಸಿಸ್ಟರ್ ಆಗಲು ಬಂದ ಹುಡುಗಿ, ಅವಳಿಗೆ ಬರುವ ಸಹಿಯಿಲ್ಲದ ಕಾಗದಗಳು, ಗೋಡೆಯಾಚೆ ಸೈಕಲ್ ಹಿಡಿದು ನಿಲ್ಲುವ ಒಬ್ಬ. ವ್ರತ ತೊಡುವ ಹಿಂದಿನ ರಾತ್ರಿ ಯಾರೋ ಬಾಗಿಲು ತಟ್ಟುತ್ತಾರೆ. ಪುಟಗಳೂ ಅಲ್ಲಿಗೇ ಖಾಲಿ.

ಅಂದಿನಿಂದ ಆ ಕಥೆಗೆ ಕೊನೆ ಕಟ್ಟುವುದೇ ನನ್ನ ಹವ್ಯಾಸ. ನೀರುದೋಸೆ ಹುಯ್ಯುವಾಗ, ಬಸ್ಸಿನ ಕಿಟಕಿಗೆ ತಲೆಯಾನಿಸಿದಾಗ. ಹದಿನೈದರ ವಯಸ್ಸಿನಲ್ಲಿ ಹಗ್ಗ ತರಿಸಿ ಅವಳನ್ನು ಗೋಡೆ ಹತ್ತಿಸಿದೆ. ನೇತ್ರಾವತಿ ದಾಟಲು ದೋಣಿಯನ್ನೂ ತರಿಸಿದ್ದೆ. ಮದುವೆಯಾಗಿ ಎರಡು ವರ್ಷ ಕಳೆದ ಮೇಲೆ, ಯಾಕೋ, ಅವಳನ್ನು ಒಳಗೇ ಉಳಿಸಿದೆ.

ಆಮೇಲೆ ಚರ್ಚಿನ ಕಾನೂನು ಓದಿದಾಗ ನನ್ನ ಹಗ್ಗವೆಲ್ಲ ವ್ಯರ್ಥವಾಯಿತು. 1983ರ ಸಂಹಿತೆಯ ಪ್ರಕಾರ ಹದಿನೇಳು ತುಂಬದೆ ನೊವಿಸ್, ಅಂದರೆ ವ್ರತಕ್ಕೆ ಮುಂಚಿನ ತರಬೇತಿಯವಳು, ಆಗುವಂತಿಲ್ಲ. ಕನಿಷ್ಠ 12 ತಿಂಗಳ ತರಬೇತಿ ಬೇಕು. ಬೆದರಿಸಿಯೋ ಮೋಸದಿಂದಲೋ ಸೇರಿಸಿಕೊಂಡರೆ ಅದು ಊರ್ಜಿತವಲ್ಲ. ಮುಖ್ಯ ಸಂಗತಿ: ನೊವಿಸ್ ತನಗೆ ಬೇಡವೆನಿಸಿದ ದಿನ ಹೊರಟುಬಿಡಬಹುದು. ಬಾಗಿಲು ಒಳಗಿನಿಂದಲೇ ತೆರೆಯುತ್ತದೆ ಎಂದಮೇಲೆ ನನ್ನ ದೋಣಿಯವನಿಗೆ ಏನು ಕೆಲಸ? ಅವಳೇಕೆ ತೆರೆಯುವುದಿಲ್ಲ ಎಂಬುದಷ್ಟೇ ಈಗ ಪತ್ತೆಯಾಗಬೇಕು. ಅದು ಪುರುಷೋತ್ತಮನ ಕೈಗೂ ಸಿಗುವಂಥದಲ್ಲ.

ಹೀಗೆ ಕೆದಕುತ್ತಿರುವಾಗಲೇ ಮರಿಯಂ ಬವಾರ್ದಿ ಸಿಕ್ಕಿದ್ದು. 1846ರಲ್ಲಿ ಗಲಿಲಾಯದ ಹಳ್ಳಿಯಲ್ಲಿ ಹುಟ್ಟಿದ ತಬ್ಬಲಿ. ತಂದೆಯ ಸೋದರ ಗೊತ್ತುಮಾಡಿದ ಮದುವೆ ಒಲ್ಲೆನೆಂದು ಕೂದಲು ಕತ್ತರಿಸಿಕೊಂಡಳು. 1858ರಲ್ಲಿ ಒಬ್ಬ ಅವಳ ಕತ್ತು ಕೊಯ್ದು ಬಿಸಾಡಿದ. ನೀಲಿಯುಡುಗೆಯ ಹೆಂಗಸೊಬ್ಬಳು ಗವಿಯಲ್ಲಿ ಗಾಯ ಹೊಲಿದು ಆರೈಕೆ ಮಾಡಿದಳೆಂದು ಅವಳೇ ಹೇಳಿದ್ದಾಳೆ. ಮನೆಗೆಲಸ ಮಾಡುತ್ತ ಮಾರ್ಸೇಲ್ಸ್ ಸೇರಿದಳು. ಅಲ್ಲಿನ ಮಠದವರು ಇಟ್ಟುಕೊಳ್ಳಲಿಲ್ಲ. ಪೋ ಊರಿನ ಕಾರ್ಮೆಲ್ ಮಠ ಸೇರಿಸಿಕೊಂಡಿತು. 1870ರಲ್ಲಿ ಹೊಸ ಮಠ ಕಟ್ಟಲು ಹೊರಟ ತಂಡದೊಂದಿಗೆ, ಇನ್ನೂ ನೊವಿಸ್ ಆಗಿಯೇ, ಹಡಗು ಹತ್ತಿದಳು. ದಾರಿಯಲ್ಲಿ ಮೂವರು ಸನ್ಯಾಸಿನಿಯರು ತೀರಿಕೊಂಡರು. ಇಳಿದ ಊರು? ನಮ್ಮ ಮಂಗಳೂರು! 1871ರ ನವೆಂಬರ್ 21ರಂದು ಅವಳು ವ್ರತ ತೊಟ್ಟದ್ದು ಇಲ್ಲಿಯೇ. ಮರುವರ್ಷ, ಅವಳ ದರ್ಶನಗಳನ್ನು ಹಿರಿಯರು ನಂಬದೆ, ವಾಪಸು ಕಳಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಸಂತಳೆಂದು ಸಾರಿದರು. ನೀಲಿಯುಡುಗೆಯವಳು ಮೇರಿಮಾತೆಯೇ ಎಂಬುದು ಭಕ್ತರ ನಂಬಿಕೆ. ನಾನು ಓದಿದ ಎಷ್ಟೋ ಪತ್ತೇದಾರಿಗಳಲ್ಲಿ ಇಂಥದೊಂದು ಸುಳಿವು ಕೊಟ್ಟು ಹಾಗೇ ಬಿಡುವ ಧೈರ್ಯ ಕಂಡಿಲ್ಲ.

ಹೋದ ವರ್ಷ ತವರಿನಲ್ಲಿ, ಆ ಲೈಬ್ರರಿಯ ಹಳೇ ಗಿರಾಕಿಯಾದ ಪಕ್ಕದ ಮನೆಯ ಬಾಯಮ್ಮನನ್ನು ಆ ಕಾದಂಬರಿಯ ಬಗ್ಗೆ ಕೇಳಿದೆ.

“ಅದಾ? ನಾನು ಪೂರ್ತಿ ಓದಿದ್ದೇನೆ ಮಾರಾಯ್ತಿ. ಕಡೆಗೆ ಅವಳು ಮದುವೆ ಆಗ್ತಾಳೆ.”

ಒಳಗಿನಿಂದ ಅವರ ತಂಗಿ ಕೂಗಿದರು: “ಎಂತ ಮದುವೆ! ವ್ರತ ತಕ್ಕೊಳ್ತಾಳೆ. ನಾನೂ ಓದಿದ್ದೇನೆ.”

ಇಬ್ಬರೂ ಜಗಳಕ್ಕೆ ನಿಂತರು. ನಾನು ಚಹಾ ಮುಗಿಸಿ ಮೆಲ್ಲಗೆ ಎದ್ದು ಬಂದೆ.